ಕಾರಿನ ಇಂಧನ ಬಳಕೆ

ಕಾರು ಇಂತಿಷ್ಟು ದೂರ ಓಡಲು ಎಷ್ಟು ಇಂಧನ ಸುಡುತ್ತದೆ ಎಂಬ ಲೆಕ್ಕವೇ ಇಂಧನ ಬಳಕೆ. ಭಾರತ ಮತ್ತು ಜಪಾನಿನಲ್ಲಿ ಇದನ್ನು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಅಳೆಯುತ್ತಾರೆ; ಜನ ಮೈಲೇಜ್ ಎನ್ನುವುದು ಇದನ್ನೇ. ಸಿಎನ್‌ಜಿ ಕಾರುಗಳಿಗೆ ಲೀಟರಿನ ಬದಲು ಕಿಲೋಗ್ರಾಂ ಲೆಕ್ಕ. ಅಮೆರಿಕದವರು ಗ್ಯಾಲನ್ನಿಗೆ ಎಷ್ಟು ಮೈಲಿ ಎನ್ನುತ್ತಾರೆ. ಯುರೋಪಿನ ಬಹುಪಾಲು ದೇಶಗಳದು ತಿರುಗುಮುರುಗಿನ ಲೆಕ್ಕ: 100 ಕಿ.ಮೀ. ಓಡಲು ಎಷ್ಟು ಲೀಟರ್ ಬೇಕು?

ಖರ್ಚು ಅರ್ಥವಾಗಬೇಕಾದರೆ ಯುರೋಪಿನ ಲೆಕ್ಕವೇ ವಾಸಿ. ಲೀಟರಿಗೆ 10 ಕಿ.ಮೀ. ಕೊಡುವ ಕಾರನ್ನು ಬಿಟ್ಟು 12 ಕೊಡುವುದನ್ನು ಕೊಂಡರೆ 1000 ಕಿ.ಮೀ. ಓಡಾಟದಲ್ಲಿ ಉಳಿಯುವುದು ಸುಮಾರು 17 ಲೀಟರ್. 20 ಕೊಡುವುದನ್ನು ಬಿಟ್ಟು 24 ಕೊಡುವುದನ್ನು ಕೊಂಡರೆ ಉಳಿಯುವುದು 8 ಲೀಟರ್ ಚಿಲ್ಲರೆ ಮಾತ್ರ. ನೋಡಿದವರಿಗೆ ಎರಡನೆಯದೇ ದೊಡ್ಡ ಜಿಗಿತ ಅನಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯನ್ನು ಎತ್ತಿ ತೋರಿಸಿದರು. ಮನೆಯಲ್ಲಿ ಎರಡು ಕಾರುಗಳಿದ್ದರೆ ಮೊದಲು ಬದಲಾಯಿಸಬೇಕಾದದ್ದು ಹೆಚ್ಚು ಕುಡಿಯುವ ಹಳೆಯದನ್ನು ಎಂಬುದು ಇದರಿಂದ ತಿಳಿಯುತ್ತದೆ.

ಶಕ್ತಿ ಹೋಗುವುದೆಲ್ಲಿಗೆ?

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್, ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದೆ. ಇದರಲ್ಲಿ ಚಕ್ರದವರೆಗೆ ತಲುಪುವುದು ಹೆಚ್ಚೆಂದರೆ ಕಾಲು ಭಾಗ. ಮಿಕ್ಕದ್ದರಲ್ಲಿ ಬಹುಪಾಲು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೊರಬೀಳುತ್ತದೆ. ಇನ್ನಷ್ಟು ಪಿಸ್ಟನ್, ಬೇರಿಂಗ್, ಗೇರುಗಳ ತಿಕ್ಕಾಟಕ್ಕೆ ಹೋಗುತ್ತದೆ. ಇಂದಿನ ಒಳ್ಳೆಯ ಪೆಟ್ರೋಲ್ ಎಂಜಿನ್‌ಗಳು ತಮಗೆ ಒಗ್ಗುವ ವೇಗ ಮತ್ತು ಹೊರೆಯಲ್ಲಿ ಶೇ. 35ರಿಂದ 40ರವರೆಗೂ ದಕ್ಷತೆ ತೋರಬಲ್ಲವು. ಆದರೆ ರಸ್ತೆಯಲ್ಲಿ ಆ ಸ್ಥಿತಿ ಅವಕ್ಕೆ ಸಿಗುವುದು ಅಪರೂಪ. ಕಡಿಮೆ ಹೊರೆಯಲ್ಲಿ ಓಡುವಾಗ ಥ್ರಾಟಲ್ ಬಾಗಿಲು ಅರೆಮುಚ್ಚಿರುತ್ತದೆ. ಗಾಳಿಯನ್ನು ಒಳಗೆಳೆದುಕೊಳ್ಳಲಿಕ್ಕೇ ಎಂಜಿನ್ ಹೆಣಗಬೇಕು. ಮೇಲಿನ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ ಓಡಿಸಿದರೆ ಉಳಿತಾಯವಾಗಲು ಕಾರಣ ಇದೇ. ಡೀಸೆಲ್ ಎಂಜಿನ್ನಿಗೆ ಗಾಳಿಯನ್ನು ಹೀಗೆ ಕಟ್ಟಿಹಾಕುವ ಅಗತ್ಯವಿಲ್ಲ, ಅದರ ಸಂಪೀಡನವೂ ಹೆಚ್ಚು. ಹಾಗಾಗಿ ಅದು ಹುಟ್ಟಿನಿಂದಲೇ ಮಿತವ್ಯಯಿ.

ಚಕ್ರಕ್ಕೆ ಬಂದ ಶಕ್ತಿ ಮೂರು ಕೆಲಸಗಳಿಗೆ ಹಂಚಿಹೋಗುತ್ತದೆ. ಟೈರ್ ಉರುಳುವಾಗ ನಜ್ಜಾಗುತ್ತ ತೋರುವ ತಡೆ ಒಂದು, ಗಾಳಿಯ ತಡೆ ಇನ್ನೊಂದು. ಮೂರನೆಯದು ನಿಂತ ಕಾರಿಗೆ ವೇಗ ತುಂಬುವುದು. ಮೊದಲನೆಯದು ಕಾರಿನ ತೂಕಕ್ಕೆ ತಕ್ಕಂತೆ ಇರುತ್ತದೆ. ವೇಗ ಹೆಚ್ಚಾದರೂ ಅಷ್ಟೇನೂ ಏರುವುದಿಲ್ಲ. ಗಾಳಿಯ ತಡೆ ಹಾಗಲ್ಲ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡಬಹುದು. ಚಾಲಕನೂ ಸೇರಿ 1100 ಕಿಲೋ ತೂಗುವ ಸಾಧಾರಣ ಹ್ಯಾಚ್‌ಬ್ಯಾಕ್. ಗಾಳಿ ತಡೆಯ ಗುಣಾಂಕ 0.32, ಮುಂಭಾಗದ ವಿಸ್ತೀರ್ಣ 2.1 ಚದರ ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಇದನ್ನು ತಡೆಯುವ ಬಲ ಸುಮಾರು 330 ನ್ಯೂಟನ್. 100ರಲ್ಲಿ 440, 120ರಲ್ಲಿ 575. ಎಂಜಿನ್ ಕಾಲು ಭಾಗ ಶಕ್ತಿಯನ್ನು ದಾಟಿಸುತ್ತದೆ ಎಂದಿಟ್ಟುಕೊಂಡರೆ ಲೀಟರಿಗೆ ಕ್ರಮವಾಗಿ ಸುಮಾರು 24, 18 ಮತ್ತು 14 ಕಿ.ಮೀ. ಸಿಗುತ್ತದೆ. ಹೊರೆ ಹೆಚ್ಚಿದಂತೆ ಎಂಜಿನ್ನಿನ ದಕ್ಷತೆಯೂ ಕೊಂಚ ಏರುವುದರಿಂದ ವಾಸ್ತವದ ಅಂತರ ಇದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಚಿತ್ರ ಬದಲಾಗುವುದಿಲ್ಲ.

ಇದೇ ಕಾರನ್ನು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಗೆ ಇಳಿಸೋಣ. 80ರಲ್ಲಿ ಹೋದರೆ ಒಂದೂವರೆ ಗಂಟೆ, 5 ಲೀಟರಿಗೆ ಸ್ವಲ್ಪ ಕಡಿಮೆ. ಅಲ್ಲಿನ ಗರಿಷ್ಠ ಮಿತಿಯಾದ 100ರಲ್ಲಿ ಹೋದರೆ 18 ನಿಮಿಷ ಉಳಿಯುತ್ತದೆ, ಒಂದೂವರೆ ಲೀಟರಿಗಿಂತ ಹೆಚ್ಚು ಜಾಸ್ತಿ ಖರ್ಚಾಗುತ್ತದೆ. ಮಿತಿ ಮೀರಿ 120ಕ್ಕೆ ಏರಿಸಿದರೆ ಇನ್ನೊಂದು 12 ನಿಮಿಷ ಉಳಿದೀತು; ಅದಕ್ಕೆ ಇನ್ನೂ ಎರಡು ಲೀಟರ್, ಜೊತೆಗೆ ಕ್ಯಾಮೆರಾ ಕಣ್ಣಿಗೆ ಬಿದ್ದರೆ ದಂಡ.

ಬ್ರೇಕಿನ ಬೆಲೆ

ಊರೊಳಗಿನ ಕಥೆ ಬೇರೆ. ಅಲ್ಲಿ ಗಾಳಿಯ ತಡೆ ನಗಣ್ಯ. ಇಂಧನ ತಿನ್ನುವುದು ನಿಲ್ಲುವುದು ಮತ್ತು ಹೊರಡುವುದು. 60 ಕಿ.ಮೀ. ವೇಗದಲ್ಲಿರುವ ಮೇಲಿನ ಕಾರಿನಲ್ಲಿ ಸುಮಾರು 150 ಕಿಲೋಜೂಲ್ ಚಲನಶಕ್ತಿ ತುಂಬಿರುತ್ತದೆ. ಬ್ರೇಕ್ ಒತ್ತಿ ನಿಲ್ಲಿಸಿದಾಗ ಅದಷ್ಟೂ ಬ್ರೇಕ್ ಡಿಸ್ಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮತ್ತೆ ಅದೇ ವೇಗ ತುಂಬಲು ಹೆಚ್ಚುಕಡಿಮೆ 19 ಮಿಲಿಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಒಂದು ಬ್ರೇಕಿಗೆ ಎರಡು ರೂಪಾಯಿ ಬಿತ್ತು. 40 ಕಿ.ಮೀ. ವೇಗದಿಂದ ನಿಂತರೆ ನಷ್ಟ ಅದರ ಅರ್ಧಕ್ಕೂ ಕಡಿಮೆ, 8 ಮಿ.ಲೀ. ಆಸುಪಾಸು.

ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಇದರಲ್ಲಿ ಹತ್ತು ನಿಮಿಷ ಸಿಗ್ನಲ್ಲುಗಳಲ್ಲೇ ಕಳೆದವು, 40ರ ವೇಗದಿಂದ ಇಪ್ಪತ್ತು ಸಲ ಬ್ರೇಕ್ ಬಿತ್ತು ಎಂದುಕೊಳ್ಳಿ. ನಿಂತ ಕಾರಿನ ಎಂಜಿನ್ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಕುಡಿಯುತ್ತದೆ; ಹತ್ತು ನಿಮಿಷಕ್ಕೆ ಸುಮಾರು 130 ಮಿ.ಲೀ. ಬ್ರೇಕುಗಳ ಲೆಕ್ಕ 170. ನಿಂತು ಹೊರಡುವುದಕ್ಕೇ 300 ಮಿ.ಲೀ. ಹೋಯಿತು. ಇದೇ ಕಾರು ಹೆದ್ದಾರಿಯಲ್ಲಿ 80ರ ವೇಗದಲ್ಲಿ ಇಡೀ 10 ಕಿ.ಮೀ. ಓಡಲು ಸುಡುವುದು 410 ಮಿ.ಲೀ. ಮಾತ್ರ.

ಆದ್ದರಿಂದ ನಗರದಲ್ಲಿ ಮೈಲೇಜ್ ಕಾಪಾಡುವ ಮುಖ್ಯ ವಿದ್ಯೆ ದೂರ ನೋಡಿ ಓಡಿಸುವುದು. ಇನ್ನೂರು ಮೀಟರ್ ಮುಂದೆ ಸಿಗ್ನಲ್ ಕೆಂಪಾಗಿದ್ದರೆ ಆಕ್ಸಿಲರೇಟರ್ ತುಳಿದುಕೊಂಡು ಹೋಗಿ ಗಕ್ಕನೆ ನಿಲ್ಲುವುದರಲ್ಲಿ ಅರ್ಥವಿಲ್ಲ. ಕಾಲು ತೆಗೆದರೆ ಕಾರು ತಾನೇ ನಿಧಾನವಾಗುತ್ತದೆ. ತಲುಪುವಷ್ಟರಲ್ಲಿ ದೀಪ ಹಸಿರಾದರೆ ನಿಲ್ಲುವ ಪ್ರಮೇಯವೇ ಬರುವುದಿಲ್ಲ. ನಮ್ಮ ರಸ್ತೆಗಳ ಹಂಪುಗಳಿಗೂ ಇದೇ ನಿಯಮ. ಮುಂದಿನ ವಾಹನದಿಂದ ಸಾಕಷ್ಟು ಅಂತರ ಬಿಟ್ಟವರಿಗೆ ಮಾತ್ರ ಇದು ಸಾಧ್ಯ. ಬೆಂಗಳೂರಿನಲ್ಲಿ ಅಂತರ ಬಿಟ್ಟರೆ ಅಲ್ಲಿ ಆಟೋ ನುಗ್ಗುತ್ತದೆ ಎಂಬ ಆಕ್ಷೇಪ ನಿಜವೇ. ನುಗ್ಗಿದ ಆಟೋಗೆ ಜಾಗ ಕೊಟ್ಟು ಮತ್ತೆ ಅಂತರ ಬಿಡುವುದರಿಂದ ಕಳೆದುಕೊಳ್ಳುವುದು ಕೆಲವು ಸೆಕೆಂಡು. ಒರಟಾಗಿ ಓಡಿಸುವುದರಿಂದ ಹೆದ್ದಾರಿಯಲ್ಲಿ ಶೇ. 15ರಿಂದ 30, ನಿಂತು ಹೊರಡುವ ಸಂಚಾರದಲ್ಲಿ ಶೇ. 10ರಿಂದ 40ರಷ್ಟು ಇಂಧನ ದಂಡವಾಗುತ್ತದೆ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಬೇರೆ ಯಾವ ಉಪಾಯದಿಂದಲೂ ಇಷ್ಟು ಉಳಿಸಲು ಆಗದು.

ಗೇರ್ ಬದಲಾಯಿಸುವ ಹೊತ್ತೂ ಮುಖ್ಯ. ಪೆಟ್ರೋಲ್ ಕಾರಿನಲ್ಲಿ ಮೀಟರ್ 2000ದಿಂದ 2500 ಸುತ್ತು ತೋರಿಸುವಾಗ, ಡೀಸೆಲಿನಲ್ಲಿ ಅದಕ್ಕೂ ಕೊಂಚ ಮೊದಲೇ ಮುಂದಿನ ಗೇರಿಗೆ ಹೋಗಬಹುದು. ಹಾಗೆಂದು ಏರಿನಲ್ಲಿ ಕಾರು ಗಡಗಡ ನಡುಗುತ್ತಿದ್ದರೂ ನಾಲ್ಕನೆಯ ಗೇರಿಗೇ ಅಂಟಿಕೊಂಡಿರುವುದು ಉಳಿತಾಯವಲ್ಲ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಿಗೆ ಕ್ಲಚ್ ಪ್ಲೇಟಿನ ಖರ್ಚೂ ಸೇರುತ್ತದೆ. ಸಿಗ್ನಲ್ ಕಾಯುವಾಗ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿದ್ದರೆ ಎಂಜಿನ್ ಆರಿಸುವುದು ಲಾಭ. ಸ್ಟಾರ್ಟ್ ಮಾಡಲು ಜಾಸ್ತಿ ಪೆಟ್ರೋಲ್ ಬೇಕು ಎಂಬ ನಂಬಿಕೆ ಕಾರ್ಬುರೇಟರ್ ಕಾಲದ್ದು. ಹಲವು ಹೊಸ ಕಾರುಗಳು ಈ ಕೆಲಸವನ್ನು ತಾವೇ ಮಾಡುತ್ತವೆ.

ಘಾಟಿಯಲ್ಲಿ ನ್ಯೂಟ್ರಲ್

ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಇಳಿಯುವಾಗ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಜಾರಿಸಿಕೊಂಡು ಹೋಗುವ ಚಾಳಿ ಇಂದಿಗೂ ಹೋಗಿಲ್ಲ. ಪೆಟ್ರೋಲ್ ಉಳಿಯುತ್ತದೆ ಎಂಬುದೇ ಇದರ ಹಿಂದಿನ ತರ್ಕ. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಆಗುವುದು ಇದರ ತದ್ವಿರುದ್ಧ. ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇದನ್ನು ಗಮನಿಸಿದ ಎಂಜಿನ್ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರಿಹೋಗದಂತೆ ಉರಿಸಿಡಲು ಅದೇ ಕಂಪ್ಯೂಟರ್ ಪೆಟ್ರೋಲ್ ಬಿಡಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಖರ್ಚು, ಗೇರಿನಲ್ಲಿ ಸೊನ್ನೆ. ಜೊತೆಗೆ ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೇ ಹೋಗುವುದು ಹೀಗೆಯೇ. ಎಂಜಿನ್ ಪೂರ್ತಿ ಆರಿಸಿ ಇಳಿಯುವವರೂ ಇದ್ದಾರೆ. ಆಗ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಬಾರಿ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಏರುವಾಗ ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂಬ ಹಳೆಯ ಲಾರಿ ಚಾಲಕರ ನಿಯಮ ಸುರಕ್ಷತೆಗೂ ಸರಿ, ಉಳಿತಾಯಕ್ಕೂ ಸರಿ.

ಟೈರು, ತೂಕ, ಎಸಿ

ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಅದು ಹೆಚ್ಚು ನಜ್ಜಾಗುತ್ತದೆ, ಉರುಳಲು ಹೆಚ್ಚು ಬಲ ಬೇಡುತ್ತದೆ. ನಾಲ್ಕೂ ಟೈರುಗಳ ಒತ್ತಡ ಒಂದು ಪಿಎಸ್‌ಐ ಇಳಿದರೆ ಇಂಧನ ಬಳಕೆ ಸುಮಾರು ಶೇ. 0.2 ಏರುತ್ತದೆ. ನೋಡಲು ಅಲ್ಪ. ಆದರೆ ತಿಂಗಳುಗಟ್ಟಲೆ ಗಾಳಿ ನೋಡದ ಕಾರಿನಲ್ಲಿ ಎಂಟು ಹತ್ತು ಪಿಎಸ್‌ಐ ಇಳಿದಿರುವುದು ಸಾಮಾನ್ಯ. ಎಷ್ಟು ಗಾಳಿ ಇರಬೇಕೆಂದು ಚಾಲಕನ ಬಾಗಿಲಿನ ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಟೈರು ತಾಳುವ ಗರಿಷ್ಠ ಒತ್ತಡ, ಅದನ್ನು ಅನುಸರಿಸಬಾರದು. ಬೆಳಗ್ಗೆ ಟೈರು ತಣ್ಣಗಿರುವಾಗ ಹತ್ತಿರದ ಬಂಕಿನಲ್ಲಿ ಗಾಳಿ ಹೊಡೆಸುವುದು ಒಳ್ಳೆಯದು. ವೀಲ್ ಅಲೈನ್‌ಮೆಂಟ್ ತಪ್ಪಿದರೂ ಟೈರು ಉರುಳುವ ಬದಲು ಒರೆಸಿಕೊಂಡು ಹೋಗುತ್ತದೆ. ಕಾರ್ಬನ್ ಕಪ್ಪಿನ ಬಹುಭಾಗವನ್ನು ತೆಗೆದು ಸಿಲಿಕಾ ಬೆರೆಸಿ ಉರುಳುತಡೆ ಕಡಿಮೆ ಮಾಡಿದ ಟೈರನ್ನು ಫ್ರಾನ್ಸಿನ ಮಿಷೆಲಿನ್ ಕಂಪನಿ 1992ರಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಅಂಥ ಟೈರುಗಳು ಸರ್ವೇಸಾಮಾನ್ಯ. ಅಂದಕ್ಕಾಗಿ ಅಗಲದ ಅಲಾಯ್ ಚಕ್ರ ಹಾಕಿಸಿದವರು ಮೈಲೇಜ್ ಇಳಿಯಿತೆಂದು ಮೆಕ್ಯಾನಿಕ್ಕನ್ನು ದೂರುವುದು ನ್ಯಾಯವಲ್ಲ.

ಡಿಕ್ಕಿಯಲ್ಲಿ 45 ಕಿಲೋ ಅನಗತ್ಯ ಸಾಮಾನಿದ್ದರೆ ಬಳಕೆ ಸುಮಾರು ಶೇ. 1 ಹೆಚ್ಚುತ್ತದೆ, ಸಣ್ಣ ಕಾರುಗಳಲ್ಲಿ ಇನ್ನೂ ತುಸು ಜಾಸ್ತಿ. ಅದಕ್ಕಿಂತ ದುಬಾರಿ ಮೇಲಿನ ಕ್ಯಾರಿಯರ್. ಅದರ ಮೇಲೆ ಪೆಟ್ಟಿಗೆ ಕಟ್ಟಿ ಹೆದ್ದಾರಿಯಲ್ಲಿ ಜೋರಾಗಿ ಹೋದರೆ ಶೇ. 10ರಿಂದ 25ರವರೆಗೆ ನಷ್ಟವಾಗಬಹುದು. ಧರ್ಮಸ್ಥಳದ ಪ್ರವಾಸ ಮುಗಿದ ಮೇಲೆ ಕ್ಯಾರಿಯರ್ ಬಿಚ್ಚಿಡುವುದು ಲೇಸು.

ಎಸಿ ಕಂಪ್ರೆಸರ್ ಸೆಕೆಯನ್ನು ಅವಲಂಬಿಸಿ ಒಂದರಿಂದ ಮೂರು ಕಿಲೋವಾಟ್ ಎಳೆಯುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ ತೆರೆಯುವುದು ಅಗ್ಗ. ಹೆದ್ದಾರಿ ವೇಗದಲ್ಲಿ ತೆರೆದ ಕಿಟಕಿಯೇ ಗಾಳಿಯನ್ನು ಕದಡಿ ತಡೆ ಹೆಚ್ಚಿಸುವುದರಿಂದ ಎಸಿ ಹಾಕುವುದು ಮೇಲು. ಕಲಬುರಗಿಯ ಮೇ ತಿಂಗಳಲ್ಲಿ ಈ ಉಪದೇಶ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನೆರಳಿನಲ್ಲಿ ನಿಲ್ಲಿಸಿ, ಹೊರಡುವ ಮುನ್ನ ಎಲ್ಲ ಬಾಗಿಲು ತೆರೆದು ಒಳಗಿನ ಕಾವನ್ನು ಹೊರಗೆ ಬಿಟ್ಟರೆ ಎಸಿಯ ಹೊರೆ ಅಷ್ಟಾದರೂ ಇಳಿಯುತ್ತದೆ.

ಗ್ಯಾರೇಜಿನ ನಂಬಿಕೆಗಳು

ಏರ್ ಫಿಲ್ಟರ್ ಕೊಳೆಯಾದರೆ ಮೈಲೇಜ್ ಬೀಳುತ್ತದೆ ಎಂಬ ಮಾತು ಕಾರ್ಬುರೇಟರ್ ಕಾಲದಲ್ಲಿ ನಿಜವಾಗಿತ್ತು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ ಕಾರುಗಳ ಮೈಲೇಜಿಗೂ ಕಟ್ಟಿಹೋದ ಫಿಲ್ಟರಿಗೂ ಗಮನಾರ್ಹ ಸಂಬಂಧ ಕಾಣಲಿಲ್ಲ. ಕಾರಿನ ಎಳೆತ ಮಾತ್ರ ಕುಗ್ಗಿತು. ಗಾಳಿ ಎಷ್ಟು ಬಂತೋ ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರ್ ಬಿಡುವುದು ಇದಕ್ಕೆ ಕಾರಣ. ಎಂಜಿನ್ನಿನ ಆಯುಸ್ಸಿಗಾಗಿ ಫಿಲ್ಟರ್ ಬದಲಿಸಲೇಬೇಕು, ಆ ಮಾತು ಬೇರೆ. ಕೆಟ್ಟ ಆಕ್ಸಿಜನ್ ಸೆನ್ಸರ್, ಅಂಟಿಕೊಂಡ ಬ್ರೇಕ್, ಕಂಪನಿ ಹೇಳಿದ್ದಕ್ಕಿಂತ ದಪ್ಪನೆಯ ಆಯಿಲ್ ನಿಜವಾದ ಕಳ್ಳರು.

ಬೆಳಗಿನ ಜಾವ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎಂಬುದೂ ಹುರುಳಿಲ್ಲದ ಮಾತು. ಪೆಟ್ರೋಲ್ ಹಿಗ್ಗುವುದು ಹತ್ತು ಡಿಗ್ರಿಗೆ ಶೇ. 1ರಷ್ಟು, ಬಂಕಿನ ಟ್ಯಾಂಕು ನೆಲದಡಿಯಲ್ಲಿರುವುದರಿಂದ ಅದರ ಉಷ್ಣತೆ ಹಗಲಿಗೂ ರಾತ್ರಿಗೂ ಹೆಚ್ಚು ಬದಲಾಗುವುದಿಲ್ಲ. ಹೆಚ್ಚಿನ ಆಕ್ಟೇನಿನ ದುಬಾರಿ ಪೆಟ್ರೋಲ್ ಅದಕ್ಕೆಂದೇ ರೂಪಿಸಿದ ಎಂಜಿನ್ನಿಗೆ ಬೇಕು, ಸಾಧಾರಣ ಕಾರಿಗೆ ವ್ಯರ್ಥ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಮುಂತಾದ ನೂರಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರೀಕ್ಷಿಸಿದೆ. ಬೆರಳೆಣಿಕೆಯಷ್ಟು ಅಲ್ಪ ಫಲ ಕೊಟ್ಟವು, ಮಿಕ್ಕವು ಏನನ್ನೂ ಕೊಡಲಿಲ್ಲ.

ಷೋರೂಮಿನ ಅಂಕಿ

ಭಾರತದಲ್ಲಿ ಕಂಪನಿಗಳು ಜಾಹೀರಾತಿನಲ್ಲಿ ಕೊಡುವ ಅಂಕಿ ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪ್ರಯೋಗಾಲಯದಲ್ಲಿ ಸಿಕ್ಕಿದ್ದು. ಅಲ್ಲಿ ಕಾರು ರಸ್ತೆಯ ಮೇಲಲ್ಲ, ರೋಲರುಗಳ ಮೇಲೆ ಓಡುತ್ತದೆ. ಪರೀಕ್ಷೆಯ ವಿಧಾನ ಯುರೋಪಿನ ಹಳೆಯ ಎನ್‌ಇಡಿಸಿಯನ್ನು ಮಾರ್ಪಡಿಸಿದ್ದು. ಗರಿಷ್ಠ ವೇಗ 90 ಕಿ.ಮೀ., ವೇಗ ಏರಿಸುವುದು ಮೆಲ್ಲಗೆ, ಎಸಿ ಆಫ್. ಇಂಥ ಪರಿಸರದಲ್ಲಿ ಬಂದ ಲೀಟರಿಗೆ 22 ಎಂಬ ಅಂಕಿ ಮನೆಯಲ್ಲಿ 16 ಆದರೆ ಅಚ್ಚರಿಯಿಲ್ಲ. ಯುರೋಪ್ ಈ ವಿಧಾನವನ್ನೇ ಕೈಬಿಟ್ಟು 2017ರ ಸೆಪ್ಟೆಂಬರಿನಿಂದ ಹೊಸ ಮಾದರಿಗಳಿಗೆ ಇನ್ನೂ ಬಿಗಿಯಾದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯನ್ನು ತಂದಿತು. ಜಪಾನಿನ ಮಿತ್ಸುಬಿಷಿ ಮೋಟಾರ್ಸ್ ಇಂಧನ ಪರೀಕ್ಷೆಯ ಅಂಕಿಗಳನ್ನು ತಿರುಚಿದ್ದಾಗಿ 2016ರಲ್ಲಿ ಒಪ್ಪಿಕೊಂಡಿದ್ದೂ ಉಂಟು. ಷೋರೂಮಿನ ಅಂಕಿಯನ್ನು ಎರಡು ಕಾರುಗಳ ಹೋಲಿಕೆಗೆ ಮಾತ್ರ ಬಳಸಬೇಕು.

ಸ್ವಂತ ಕಾರಿನ ಲೆಕ್ಕಕ್ಕೆ ಟ್ಯಾಂಕ್‌ಫುಲ್ ವಿಧಾನವೇ ನಂಬಲರ್ಹ. ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ ಓಡೋಮೀಟರ್ ಬರೆದುಕೊಳ್ಳುವುದು. ನಾಲ್ಕೈದು ನೂರು ಕಿ.ಮೀ. ಓಡಿದ ಮೇಲೆ ಸಾಧ್ಯವಾದರೆ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರಿನಿಂದ ಭಾಗಿಸುವುದು. ಹೀಗೆ ಮೂರು ನಾಲ್ಕು ಬಾರಿ ಮಾಡಿದರೆ ನಂಬಬಹುದಾದ ಸರಾಸರಿ ಸಿಗುತ್ತದೆ.

ಕಾನೂನು ಮತ್ತು ಇತಿಹಾಸ

ಇಂಧನ ಬಳಕೆ ಸರ್ಕಾರಗಳ ತಲೆನೋವಾದದ್ದು 1973ರ ತೈಲ ಬಿಕ್ಕಟ್ಟಿನಿಂದ. ಅರಬ್ ರಾಷ್ಟ್ರಗಳು ತೈಲ ತಡೆಹಿಡಿದವು, ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಅಮೆರಿಕ 1974ರಲ್ಲಿ ಹೆದ್ದಾರಿಗಳ ವೇಗಕ್ಕೆ ಗಂಟೆಗೆ 55 ಮೈಲಿಯ ಮಿತಿ ಹಾಕಿತು. ಮರುವರ್ಷದ ಕಾಯ್ದೆ ಪ್ರತಿ ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜಿಗೆ ಗುರಿ ನಿಗದಿಮಾಡಿತು. ಭಾರತದಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 1978ರಲ್ಲಿ ಹುಟ್ಟಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅಂಬಾಸಿಡರ್ ಯುಗದ ಗ್ರಾಹಕರಿಗೆ ಹಗುರವಾದ ಕಾರು ಎಷ್ಟು ಉಳಿಸಬಲ್ಲದು ಎಂಬುದನ್ನು ತೋರಿಸಿಕೊಟ್ಟಿತು.

ಭಾರತದ ಈಗಿನ ನಿಯಮ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ, ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಈ ಅನಿಲ ಹೊರಬರುವುದರಿಂದ ಎರಡೂ ಲೆಕ್ಕ ಒಂದೇ. ಕಂಪನಿಯ ಕಾರುಗಳ ಸರಾಸರಿ 2017ರಿಂದ ಕಿ.ಮೀ.ಗೆ 130 ಗ್ರಾಂ, 2022ರಿಂದ 113 ಗ್ರಾಂ ಆಸುಪಾಸಿನಲ್ಲಿರಬೇಕು. ಎರಡನೆಯದು ಪೆಟ್ರೋಲ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 20 ಕಿ.ಮೀ. ಆದರೆ ಭಾರದ ಕಾರು ಮಾರುವ ಕಂಪನಿಗೆ ಮಿತಿ ಸಡಿಲವಾಗುತ್ತದೆ. ಈ ಸೂತ್ರ ನ್ಯಾಯವೋ ಅಲ್ಲವೋ ಎಂಬುದು ಸಣ್ಣ ಕಾರಿನ ಕಂಪನಿಗಳಿಗೂ ದೊಡ್ಡ ಕಾರಿನ ಕಂಪನಿಗಳಿಗೂ ನಡುವಿನ ಜಗಳ. ಎಂಜಿನ್‌ಗಳು ಸುಧಾರಿಸಿದಷ್ಟೂ ಕಾರುಗಳು ದಪ್ಪಗಾಗುತ್ತಿವೆ ಎಂಬುದಂತೂ ನಿಜ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಶೇ. 48 ಎಸ್‌ಯುವಿಗಳು. ಒಬ್ಬರೇ ಕಚೇರಿಗೆ ಹೋಗಿಬರಲು ಒಂದೂವರೆ ಟನ್ ಲೋಹ ಹೊರಡಿಸುವವರಿಗೆ ಗೇರ್ ಬದಲಿಸುವ ಜಾಣ್ಮೆ ಹೆಚ್ಚೇನೂ ನೆರವಾಗದು.

ಎಥನಾಲ್, ಹೈಬ್ರಿಡ್, ವಿದ್ಯುತ್

ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಚಾಲನೆ ಸಿಕ್ಕಿತು. ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಮೈಲೇಜ್ ಕೊಂಚ ಇಳಿಯುವುದು ಅನಿವಾರ್ಯ. ಇ20ಕ್ಕೆ ಹೊಂದಿಸದ ಹಳೆಯ ಕಾರುಗಳಲ್ಲಿ ಶೇ. 6ರಿಂದ 7, ತಕ್ಕಂತೆ ಹೊಂದಿಸಿದವುಗಳಲ್ಲಿ ಶೇ. 1ರಿಂದ 2 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. ಕಬ್ಬು ಬೆಳೆಗಾರರಿಗೆ ಮಾರುಕಟ್ಟೆ ಸಿಕ್ಕಿದ್ದು ಸರಿ. ಲೀಟರಿನ ಬೆಲೆ ಇಳಿಯದೆ ಲೀಟರಿನ ಶಕ್ತಿ ಮಾತ್ರ ಇಳಿಯಿತೆಂಬ ವಾಹನ ಮಾಲೀಕರ ಆಕ್ಷೇಪವೂ ಸುಳ್ಳಲ್ಲ.

ಬ್ರೇಕಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿಯನ್ನು ಹಿಡಿದಿಡುವುದೇ ಹೈಬ್ರಿಡ್ ಕಾರಿನ ಕಸುಬು. ನಿಧಾನವಾಗುವಾಗ ಅದರ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ, ಹೊರಡುವಾಗ ಅದೇ ವಿದ್ಯುತ್ತು ಕಾರನ್ನು ನೂಕುತ್ತದೆ. ಟೊಯೊಟಾ ಪ್ರಿಯಸ್ 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. 2022ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳಿಗೆ ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿ.ಮೀ. ಸಿಕ್ಕಿತು. ಜಾಮಿನಲ್ಲೇ ದಿನ ಕಳೆಯುವವರಿಗೆ ಇದರ ಲಾಭ ಹೆಚ್ಚು. ಬರೀ ಹೆದ್ದಾರಿಯಲ್ಲಿ ಓಡಾಡುವವರಿಗೆ ಬ್ರೇಕೇ ಅಪರೂಪವಾದ್ದರಿಂದ ಹೆಚ್ಚುವರಿ ಬೆಲೆ ತೀರಲು ವರ್ಷಗಳು ಹಿಡಿಯುತ್ತವೆ.

ಬೆಂಗಳೂರಿನಲ್ಲಿ ತಯಾರಾದ ರೇವಾ ವಿದ್ಯುತ್ ಕಾರು 2001ರಲ್ಲೇ ರಸ್ತೆಗಿಳಿದಿತ್ತು. ಇಂದಿನ ವಿದ್ಯುತ್ ಕಾರು 100 ಕಿ.ಮೀ.ಗೆ ಸುಮಾರು 15 ಯೂನಿಟ್ ಬಳಸುತ್ತದೆ. ಅಷ್ಟೇ ದೂರಕ್ಕೆ ಪೆಟ್ರೋಲ್ ಕಾರು ಸುಡುವ ಐದಾರು ಲೀಟರಿನಲ್ಲಿ 50 ಯೂನಿಟ್ ಆಸುಪಾಸಿನ ಶಕ್ತಿಯಿರುತ್ತದೆ. ಸೈಲೆನ್ಸರಿನಿಂದ ಹೋಗುತ್ತಿದ್ದ ಬಿಸಿ ಇಲ್ಲಿಲ್ಲ, ಬ್ರೇಕಿನ ನಷ್ಟವೂ ಬಹುಪಾಲು ಮರಳಿ ಸಿಗುತ್ತದೆ. ಆದರೆ ಗಾಳಿಯ ತಡೆಗೂ ಟೈರಿನ ತಡೆಗೂ ವಿನಾಯಿತಿ ಇಲ್ಲ. 80ರಲ್ಲಿ 300 ಕಿ.ಮೀ. ಓಡುವ ವಿದ್ಯುತ್ ಕಾರನ್ನು 120ರಲ್ಲಿ ಓಡಿಸಿದರೆ 200ರ ಸುಮಾರಿಗೇ ಚಾರ್ಜಿಂಗ್ ಕೇಂದ್ರ ಹುಡುಕಬೇಕಾಗುತ್ತದೆ.